ನಾಮಾನನ ಮನೆಯ ಹುಡುಗಿ

ಓದತಕ್ಕ ಭಾಗಗಳು: ಅರಸುಗಳ ಎರಡನೆಯ ಪುಸ್ತಕದ 5ನೆಯ ಅಧ್ಯಾಯ, ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯ.



ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ ಹುಟ್ಟಿ ಬೆಳೆದು, ದಾದಿಯ ಕೆಲಸವನ್ನು ಕಲಿತು, ಈಗ ಸಕ್ಕರೆ ಕಾಯಿಲೆಯವರಿಗೆ ಬೋಧನೆ ಮಾಡುವ ಕೆಲಸದಲ್ಲಿರುವ ಒಬ್ಬ ಸಹೋದರಿಯು ಒಂದು ಸಾಯಂಕಾಲ ನನ್ನ ಬಳಿಗೆ ಬಂದಳು. ಅವಳ ಕೈಯಲ್ಲಿ ಒಂದು ಅರ್ಜಿಯ ಕಾಗದವಿತ್ತು. ಹೆಚ್ಚಿನ ಶಿಕ್ಷಣಕ್ಕೆ ಸೇರಬೇಕೆನ್ನುವವರು ಅದರಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾಗಿತ್ತು. ನಿನ್ನ ಜೀವಮಾನದ ಗುರಿಯೇನು? ನಿನ್ನ ಕೆಲಸದಲ್ಲಿ ನೀನು ಬೆಲೆಯುಳ್ಳವುಗಳೆಂದು ಎಣಿಸುವವು ಯಾವವು? “ಅಯ್ಯನವರೇ, ಮೊದಲನೆಯದಕ್ಕೆ ಬರೆಯಹೋದರೆ ಹೆಮ್ಮೆಯಂತೆ ಕಾಣುತ್ತದೆ, ಎರಡನೆಯದಕ್ಕೆ ಬರೆಯಹೋದರೆ ಸುಳ್ಳಾದೀತೋ ಎಂದು ಅಂಜಿಕೆಯಾಗುತ್ತದೆ” ಎಂದಳು. ನಾನು ಯೋಚಿಸದೆ, “ಮಗಳೇ, ಸೇವೆ ಮಾಡುವವಳಿಗೆ ಗುರಿ ಯಾತಕ್ಕೆ? ದೀನತೆಯೊಂದಿದ್ದರೆ ಸಾಲದೇ?” ಎಂದುಬಿಟ್ಟೆನು. ಅವಳು ತಲೆ ಬೊಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮೇಲೆ ಒಂದು ಸಂಗತಿಯನ್ನು ಹೇಳಿದಳು. ಅದನ್ನು ಕೇಳಿದ ಮೇಲೆ ನನ್ನ ಮಾತು ಎಷ್ಟು ಬರಿದಾದದ್ದೆಂದು ತಿಳುಕೊಂಡೆನು. ಆ ಸಂಗತಿಯನ್ನು ನಿಮಗೆ ತಿಳಿಸುವದಕ್ಕೆ ಅವಳ ಅಪ್ಪಣೆ ಉಂಟು.

ಅವಳು ಕೆಲಸಕ್ಕೆ ಸೇರಿದ ಮೊದಲನೆಯ ವರುಷದಲ್ಲಿ ಅವಳ ಸ್ವಂತ ಬೀದಿಯ ಒಬ್ಬ ಮುದುಕಿಯು ರಕ್ತ ಪರೀಕ್ಷೆಗೆ ಬಂದಿದ್ದಳು. ಸಕ್ಕರೆ ಬಹಳವಾಗಿ ಏರಿತ್ತು. ಅದು ಹಬ್ಬ ಕಳೆದ ವಾರ. ಈ ನಮ್ಮ ಸಹೋದರಿಯು ಹತ್ತಾರು ಮಂದಿಯ ಎದುರಿನಲ್ಲಿ, “ಎಷ್ಟು ಸಾರಿ ಹೇಳಬೇಕು? ಒಬ್ಬಟ್ಟು ಕಂಡರೆ ಬಾಯಿ ಕಟ್ಟುವದಕ್ಕೆ ಆಗುವದಿಲ್ಲವೋ?” ಎಂದು ಗದರಿಸಿದಳು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು. ಐದು ತಿಂಗಳು ಬರಲಿಲ್ಲ. ಬಂದಾಗ ಮಗನ ಹೆಗಲು ಹಿಡಿದುಕೊಂಡು ಬಂದಳು. ಅರಿಸಿನದ ಹೊಲದಲ್ಲಿ ಜಾಲಿಮುಳ್ಳು ಅಂಗಾಲಿಗೆ ನಟ್ಟದ್ದು ಅವಳಿಗೆ ತಿಳಿದೇ ಇರಲಿಲ್ಲ. ನಾತ ಬಂದ ಮೇಲೆಯೇ ಮನೆಯವರು ನೋಡಿದ್ದು. ಮೈಸೂರಿಗೆ ಕರಕೊಂಡು ಹೋದರು. ಎರಡು ಬೆರಳುಗಳನ್ನು ತೆಗೆದರು. “ಯಾಕಜ್ಜಿ, ಮೊದಲೇ ಬರಬಾರದಿತ್ತೇ?” ಎಂದು ಇವಳು ಅಳುತ್ತಾ ಕೇಳಿದ್ದಕ್ಕೆ ಮುದುಕಿ ಹೇಳಿದ್ದು ಇಷ್ಟೇ: “ನೀ ಬಯ್ತಿಯೆ ಅಂತ ಬರ್ನಿಲ್ಲ ಕನವ್ವ.”

ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ ಇದೇ ಕಾರಣದಿಂದ ಆಸ್ಪತ್ರೆಗೆ, ಶಾಲೆಗೆ, ದೇವಾಲಯಕ್ಕೆ ಸಹ ಬಾರದೆ ಇದ್ದಾರೋ!

ಈಗ ಓದಿದ ಅಧ್ಯಾಯವನ್ನು ನೋಡಿರಿ. ನಾಮಾನನು ದೊಡ್ಡ ಸೇನಾಪತಿ, ಆದರೆ ರೋಗಿ. ಅವನ ಮನೆಯಲ್ಲಿ ಇಸ್ರಾಯೇಲ್ ದೇಶದಿಂದ ಸೆರೆಯಾಗಿ ತಂದ ಒಬ್ಬ ಚಿಕ್ಕ ಹುಡುಗಿ ಇದ್ದಳು. ಅವಳ ಹೆಸರನ್ನು ಸತ್ಯವೇದವು ಹೇಳುವದಿಲ್ಲ. ಅವಳ ಬಳಿಯಲ್ಲಿ ಔಷಧವಿರಲಿಲ್ಲ, ಅಧಿಕಾರವಿರಲಿಲ್ಲ. ಅವಳು ಮಾಡಿದ್ದೇನು? ತಾನು ತಿಳಿದದ್ದನ್ನು ತನ್ನ ಯಜಮಾನಿಗೆ ತಿಳಿಸಿದಳು. ತನ್ನನ್ನು ಸೆರೆತಂದವರ ಮನೆಯೆಂದು ಬಾಯಿ ಮುಚ್ಚಿಕೊಳ್ಳಲಿಲ್ಲ. ಇವನಿಗೆ ಈ ರೋಗ ಬಂದದ್ದು ತಕ್ಕದ್ದೇ ಎಂದು ಹೇಳಲೂ ಇಲ್ಲ. ರೋಗ ಎಲ್ಲಿ ಗುಣವಾಗುವದೆಂಬದನ್ನು ಹೇಳಿದಳು. ಬೋಧನೆ ಮಾಡುವ ದಾದಿಯ ಕೆಲಸವೆಂದರೆ ಇದೇ. ಮದ್ದು ಬರೆಯುವವರು ವೈದ್ಯರು. ಆದರೆ ಅವರಿಗೆ ಒಬ್ಬೊಬ್ಬ ರೋಗಿಗೆ ಕೊಡತಕ್ಕ ಸಮಯ ಕೆಲವೇ ನಿಮಿಷ. ಸೂಜಿಯನ್ನು ಹೊಟ್ಟೆಯಲ್ಲಿಯೋ ತೊಡೆಯಲ್ಲಿಯೋ ದಿನದಿನಕ್ಕೆ ಜಾಗ ಬದಲಾಯಿಸಿ ಹೇಗೆ ಚುಚ್ಚಿಕೊಳ್ಳಬೇಕು, ತಂಪುಪೆಟ್ಟಿಗೆ ಇಲ್ಲದ ಮನೆಯಲ್ಲಿ ಇನ್ಸುಲಿನ್ನನ್ನು ಒದ್ದೆಯ ಮಣ್ಣಿನ ಕುಡಿಕೆಯಲ್ಲಿ ನೆರಳಿನಲ್ಲಿ ಹೇಗೆ ಇಡಬೇಕು, ಮೈ ಬೆವತು ಕೈ ನಡುಗಿ ಕಣ್ಣು ಕತ್ತಲೆ ಬಂದರೆ ಸಕ್ಕರೆ ಕಡಿಮೆಯಾಗಿದೆಯೆಂದು ತಿಳಿದು ತಡಮಾಡದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಹೇಗೆ ಕುಡಿಯಬೇಕು, ಇವುಗಳನ್ನೆಲ್ಲಾ ಒಬ್ಬರು ಕೂತು ಹೇಳಬೇಕು. ಒಂದು ಸಾರಿಯಲ್ಲ, ಹತ್ತು ಸಾರಿ.

ಇದು ಕೆಲವರ ಕಾಯಿಲೆಯೆಂದು ತಿಳಿಯಬೇಡಿರಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವಿದೆಯೆಂದೂ, ಇನ್ನು 13 ಕೋಟಿಗಿಂತ ಹೆಚ್ಚು ಜನ ಅದರ ಹೊಸ್ತಿಲಿನಲ್ಲಿ ನಿಂತಿದ್ದಾರೆಂದೂ ಎಣಿಸಿತು. ಪಟ್ಟಣದ ಸಾಹುಕಾರರ ರೋಗವೆಂದು ಹೇಳುವ ಕಾಲ ಹೋಯಿತು.

ನಾಮಾನನು ಬಂದನು, ಎಲೀಷನು ಹೊರಗೆ ಸಹ ಬಾರದೆ ಆಳಿನ ಮೂಲಕ, ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಮುಳುಗೆಂದು ಹೇಳಿಕಳುಹಿಸಿದನು. ಸೇನಾಪತಿಗೆ ಸಿಟ್ಟು ಬಂತು. ಇಷ್ಟು ಸಣ್ಣ ಕೆಲಸಕ್ಕೋ ನಾನು ಇಷ್ಟು ದೂರ ಬಂದದ್ದು? ನಮ್ಮ ಊರಿನವರೂ ಹೀಗೆಯೇ. ದೊಡ್ಡ ಸೂಜಿ ಬೇಕು, ದೊಡ್ಡ ಆಸ್ಪತ್ರೆ ಬೇಕು, ಇಲ್ಲವೇ ಒಂದೇ ವಾರದಲ್ಲಿ ಬೇರುಸಹಿತ ಕೀಳುವ ಪುಡಿ ಬೇಕು. ಊಟ ಮುಗಿದ ಮೇಲೆ ಸ್ವಲ್ಪ ನಡೆಯಿರಿ, ಮುದ್ದೆ ಕಿರಿದಾಗಲಿ, ರಾತ್ರಿ ಮಲಗುವ ಮುಂಚೆ ಅಂಗಾಲನ್ನು ನೋಡಿಕೊಳ್ಳಿರಿ ಎಂದರೆ ಅದು ವೈದ್ಯವೇ ಅಲ್ಲವೆಂದು ಎಣಿಸುತ್ತಾರೆ. ಮುದ್ದೆಯ ಮಾತು ಬಂದದ್ದರಿಂದ ಹೇಳುತ್ತೇನೆ: ರಾಗಿ ಉಣ್ಣುವವನಿಗೆ ಸಕ್ಕರೆ ಕಾಯಿಲೆ ಇಲ್ಲವೆಂಬ ಒಂದು ನಂಬಿಕೆ ನಮ್ಮಲ್ಲಿ ಉಂಟು. ರಾಗಿ ಒಳ್ಳೇ ಧಾನ್ಯವೇ. ಆದರೆ ನುಣ್ಣಗೆ ಬೀಸಿದ ಹಿಟ್ಟು ಹೊಟ್ಟೆಗೆ ಹೋದ ಮೇಲೆ ಸಕ್ಕರೆಯಾಗಿಯೇ ರಕ್ತಕ್ಕೆ ಸೇರುವದು. ತೆಂಗಿನಕಾಯಿಯಷ್ಟು ಎರಡು ಮುದ್ದೆ ನುಂಗಿದವನನ್ನು ರಾಗಿ ಕಾಯದು. ನಮ್ಮ ಸಹೋದರಿಯು ಮುದ್ದೆ ಬಿಡಿರೆಂದು ಯಾರಿಗೂ ಹೇಳುವದಿಲ್ಲ. ತನ್ನ ಮುಷ್ಟಿಯನ್ನು ತೋರಿಸಿ, “ಇಷ್ಟು ಸಾಕು, ಸೊಪ್ಪು ಕಾಳು ಹೆಚ್ಚಾಗಲಿ” ಅನ್ನುತ್ತಾಳೆ. ನಾಮಾನನ ಸೇವಕರು ಅವನನ್ನು ತಂದೆಯೇ ಎಂದು ಕರೆದು ಸಮಾಧಾನದಿಂದ ಒಪ್ಪಿಸಿದರಲ್ಲಾ, ಆ ರೀತಿ.

ಇಲ್ಲಿ ಕಠಿಣವಾದ ಒಂದು ಮಾತನ್ನು ಹೇಳಬೇಕಾಗಿದೆ. ನಮ್ಮ ಸಭೆಗಳಲ್ಲಿ ಕೆಲವರು, “ಪ್ರಾರ್ಥನೆ ಮಾಡಿದೆವು, ಇನ್ನು ಸೂಜಿ ಬೇಡ” ಎಂದು ಮಕ್ಕಳ ಇನ್ಸುಲಿನ್ನನ್ನು ನಿಲ್ಲಿಸುವದುಂಟು. ಚಿಕ್ಕವರಿಗೆ ಬರುವ ಈ ಕಾಯಿಲೆಯಲ್ಲಿ ಇನ್ಸುಲಿನ್ ಅನ್ನದಂತೆ. ನಿಲ್ಲಿಸಿದರೆ ಕೆಲವು ದಿನಗಳಲ್ಲಿಯೇ ಮಗು ವಾಂತಿ ಮಾಡಿ, ಮೇಲುಸಿರು ಬಿಟ್ಟು, ಎಚ್ಚರ ತಪ್ಪಿ ಸಾಯುವದು. ಇದನ್ನು ನಂಬಿಕೆಯೆಂದು ಕರೆಯುವ ಉಪದೇಶಿಯು ನಾಮಾನನ ಅಧ್ಯಾಯವನ್ನು ಓದಿಲ್ಲ. ಅವನು ದಡದಲ್ಲಿ ನಿಂತು ಗುಣವಾಗಲಿಲ್ಲ, ನೀರಿಗಿಳಿದನು. 1922ಕ್ಕೆ ಮುಂಚೆ ಇಂಥ ಮಕ್ಕಳಿಗೆ ಯಾವ ಉಪಾಯವೂ ಇರಲಿಲ್ಲ. ಆ ವರುಷದ ಜನವರಿ ತಿಂಗಳಲ್ಲಿ ಕೆನಡಾ ದೇಶದ ಟೊರಾಂಟೊ ಪಟ್ಟಣದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರುಷದ ಹುಡುಗನಿಗೆ ಮೊದಲು ಇನ್ಸುಲಿನ್ ಚುಚ್ಚಿದರು. ಎಲುಬಿನ ಗೂಡಾಗಿದ್ದ ಹುಡುಗನು ಚೇತರಿಸಿಕೊಂಡನು. ಅದನ್ನು ಕಂಡುಹಿಡಿದವರಲ್ಲಿ ಬ್ಯಾಂಟಿಂಗ್ ಮೊದಲಾದವರಿಗೆ ಕೋಟ್ಯಾಧೀಶರಾಗುವದಕ್ಕೆ ಮಾರ್ಗವಿತ್ತು. ಅವರು 1923ರಲ್ಲಿ ಅದರ ಹಕ್ಕನ್ನು ತಲೆಗೆ ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಗೇಹಜಿಯಾದರೋ ಬೇರೆ ತರದವನು. ಎಲೀಷನು ಬೇಡವೆಂದ ಕಾಣಿಕೆಯ ಹಿಂದೆ ಓಡಿಹೋಗಿ, ಸುಳ್ಳು ಹೇಳಿ, ಎರಡು ತಲಾಂತು ಬೆಳ್ಳಿಯನ್ನೂ ಎರಡು ಬಟ್ಟೆಗಳನ್ನೂ ತಂದನು. ನಮ್ಮ ಸಹೋದರಿಯ ಬಾಗಿಲಿಗೂ ಇಂಥ ಬೆಳ್ಳಿ ಬರುತ್ತದೆ. ರೋಗಿಗಳು ನಿಮ್ಮ ಮಾತನ್ನು ಕೇಳುತ್ತಾರೆ, ಈ ಪುಡಿಯ ಡಬ್ಬಿಯನ್ನು ಹೇಳಿರಿ, ಡಬ್ಬಿಗೆ ಇಷ್ಟೆಂದು ಕೊಡುತ್ತೇವೆ ಎನ್ನುವವರುಂಟು. ಅವಳು ಒಪ್ಪಿದ್ದರೆ ಮನೆಯ ಮಾಳಿಗೆಗೆ ಕಾಂಕ್ರೀಟು ಬೀಳುತ್ತಿತ್ತು. ಅವಳಿಗೆ ಆಶೆ ಆಗಲಿಲ್ಲವೆಂದು ನಾನು ಹೇಳಲಾರೆನು. ಆಯಿತೆಂದು ಅವಳೇ ಹೇಳಿದಳು.

ಬೋಧಿಸುವ ದಾದಿ ಎಂಬ ಕೆಲಸವು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೇರಿಕಾ ದೇಶದ ಬೋಸ್ಟನ್ ಪಟ್ಟಣದಲ್ಲಿ ಮೆಥಡಿಸ್ಟ್ ಸಭೆಯ ಸೇವಕಿಯರು 1896ರಲ್ಲಿ ಒಂದು ಆಸ್ಪತ್ರೆಯನ್ನು ತೆರೆದರು. ಅಲ್ಲಿ ಎಲಿಯಟ್ ಜಾಸ್ಲಿನ್ ಎಂಬ ವೈದ್ಯರು ದಾದಿಯರನ್ನು ತರಬೇತು ಮಾಡಿ ರೋಗಿಗಳ ಮನೆಗಳಿಗೇ ಕಳುಹಿಸುತ್ತಿದ್ದರು. ಅವರನ್ನು ಅಲೆದಾಡುವ ದಾದಿಯರೆಂದು ಕರೆಯುತ್ತಿದ್ದರು. ಅವರು ಅಡಿಗೆಮನೆಯಲ್ಲಿ ನಿಂತು ಅಳೆಯುವದನ್ನೂ ಸೂಜಿಯನ್ನೂ ಕಲಿಸಿ, ಮನೆಯವರು ತಾವಾಗಿಯೇ ಮಾಡಿಕೊಳ್ಳುವಂತಾದ ಮೇಲೆ ಹೊರಡುತ್ತಿದ್ದರು.

ನಮ್ಮ ಸಮೀಪದಲ್ಲಿಯೂ ಒಂದು ದೃಷ್ಟಾಂತ ಉಂಟು. ಅದನ್ನು ನೆನಸುವಾಗೆಲ್ಲಾ ನನಗೆ ಆಶ್ಚರ್ಯವಾಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನೀವು ಮಿಷನ್ ಆಸ್ಪತ್ರೆ ಎಂದು ಬಲ್ಲಿರಿ. ವೆಸ್ಲಿಯನ್ ಮಿಷನ್ನಿನವರು ಅದನ್ನು 1906ರಲ್ಲಿ ಸ್ಥಾಪಿಸಿದರು. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಡುತ್ತಾ ಬಂದರು. ರಾತ್ರಿ ಎರಡು ಗಂಟೆಗೆ ಹುಟ್ಟಿದ ಬಡವರ ಕೂಸನ್ನೂ ಅಳತೆ ಹಿಡಿದು ಬರೆದರು. ಅದನ್ನು ಯಾರು ಓದುವರೆಂದು ಅವರಿಗೆ ತಿಳಿದಿರಲಿಲ್ಲ. ಸುಮಾರು ಅರುವತ್ತು ವರುಷಗಳಾದ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, ಆ ಕೂಸುಗಳು ಈಗ ಎಲ್ಲಿದ್ದಾರೆಂದು ಮನೆಮನೆ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಗಿಡ್ಡವಾಗಿ ದಪ್ಪವಾಗಿದ್ದವರಲ್ಲಿಯೂ, ತೂಕ ಹೆಚ್ಚಾಗಿದ್ದ ತಾಯಂದಿರ ಮಕ್ಕಳಲ್ಲಿಯೂ ಈ ರೋಗ ಹೆಚ್ಚೆಂದು 1998ರಲ್ಲಿ ಪ್ರಕಟಿಸಿದರು. ಅದೇ ಆಸ್ಪತ್ರೆಯಲ್ಲಿ ಆ ಬಳಿಕ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರರಲ್ಲಿ ಸುಮಾರು ಆರು ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಕಂಡುಬಂತು. ಆದಕಾರಣ ನಿಮ್ಮ ಸೊಸೆಯಂದಿರು ಬಸುರಾದಾಗ ರಕ್ತ ಪರೀಕ್ಷೆಗೆ ಕಳುಹಿಸಿರಿ. ಸರಿಯಾಗಿ ಅಳೆದು ಸತ್ಯವಾಗಿ ಬರೆದ ಆ ಕೈಗಳ ಹೆಸರು ನಾಮಾನನ ಮನೆಯ ಹುಡುಗಿಯ ಹೆಸರಿನಂತೆಯೇ ನಮಗೆ ತಿಳಿಯದು.

ಇದನ್ನೆಲ್ಲಾ ಆ ಸಾಯಂಕಾಲ ಮಾತಾಡಿದ ಮೇಲೆ ನಾನು ಅವಳಿಗೆ, “ಮಗಳೇ, ನಾನು ಮೊದಲು ಹೇಳಿದ್ದನ್ನು ಮರೆತುಬಿಡು. ಹುಡುಗಿಗೆ ಪ್ರವಾದಿಯು ಎಲ್ಲಿದ್ದಾನೆಂದು ತಿಳಿಯದೆ ಇದ್ದರೆ ಅವಳ ದೀನತೆಯಿಂದ ನಾಮಾನನಿಗೆ ಏನು ಲಾಭ? ಕಲಿಯಬೇಕೆಂಬ ಆಶೆ ಹೆಮ್ಮೆಯಲ್ಲ” ಎಂದೆನು. ಅವಳು ಅಲ್ಲಿಯೇ ಕೂತು ಬರೆದಳು. ಕಾಲುಗಳ ಆರೈಕೆಯನ್ನು ಚೆನ್ನಾಗಿ ಕಲಿಯಬೇಕು. ತಿಂಗಳಿಗೊಂದು ದಿನವಾದರೂ ಹಳ್ಳಿಯ ಜಗಲಿಯಲ್ಲಿ ಕೂತು ಕಲಿಸಬೇಕು. ತಾನು ಗದರಿಸಿದಳೆಂಬ ಕಾರಣದಿಂದ ಇನ್ನೊಬ್ಬರ ಕಾಲು ಹೋಗಬಾರದು. ಕಲಿತವರು ತನ್ನನ್ನು ಕೇಳುವ ಅಗತ್ಯವಿಲ್ಲದವರಾಗಬೇಕು. ಎರಡನೆಯ ಪ್ರಶ್ನೆಯ ಜಾಗವನ್ನು ಹಾಗೆಯೇ ಬಿಟ್ಟು ಕಾಗದವನ್ನು ಮಡಿಚಿ ಚೀಲದಲ್ಲಿ ಇಟ್ಟಳು. “ಊರಿಗೆ ಹೋಗುವ ದಾರಿಯಲ್ಲಿ ಅಜ್ಜಿಯನ್ನು ನೋಡಬೇಕು, ಅಯ್ಯನವರೂ ಬನ್ನಿರಿ” ಎಂದಳು.

ಹೋದೆವು. ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಇವಳು ಬೋಗುಣಿಯಲ್ಲಿ ನೀರು ತಂದು, ಬಿಸಿ ಎಷ್ಟೆಂದು ತನ್ನ ಮೊಣಕೈಯಿಂದ ನೋಡಿ, ನೆಲದ ಮೇಲೆ ಕೂತಳು. ಮುದುಕಿ ಕಾಲನ್ನು ಸೀರೆಯೊಳಗೆ ಎಳಕೊಂಡು, “ಬ್ಯಾಡ ಕನವ್ವ, ಓದ್ದೋಳು ನೀನು, ನನ್ ಕಾಲ ಮುಟ್ಬ್ಯಾಡ” ಎಂದಳು. ಪೇತ್ರನೂ ಹೀಗೆಯೇ ಬೇಡವೆಂದನಲ್ಲಾ ಎಂದು ನಾನು ನೆನಸಿಕೊಂಡೆನು, ಬಾಯಿ ಬಿಡಲಿಲ್ಲ. ಇವಳು ನಕ್ಕು ಕಾಲನ್ನು ತಕ್ಕೊಂಡು ತೊಳೆದು, ಬೆರಳುಗಳ ಸಂದಿನಲ್ಲಿ ನೀರು ನಿಲ್ಲದಂತೆ ಒರಸಿದಳು. ಆ ಮೇಲೆ ಪರೀಕ್ಷೆಯ ಗಟ್ಟಿ ನೂಲನ್ನು ಚೀಲದಿಂದ ತೆಗೆದು, “ಅಜ್ಜಿ, ಕಣ್ಣು ಮುಚ್ಚಿಕೊಳ್ಳಿ. ನೂಲು ತಗಲಿದ್ದು ತಿಳಿದರೆ ಹೇಳಿ” ಎಂದಳು. ಹೆಬ್ಬೆರಳಿಗೆ ಮುಟ್ಟಿಸಿದಳು, ಮುದುಕಿ ಸುಮ್ಮನಿದ್ದಳು. ಅಂಗಾಲಿಗೆ ಮುಟ್ಟಿಸಿದಳು, ಸುಮ್ಮನಿದ್ದಳು. ಇನ್ನೂ ಎರಡು ಮೂರು ಕಡೆ ಮುಟ್ಟಿಸಿದ ಮೇಲೆ, ಹಿಮ್ಮಡಿಯ ಹತ್ತಿರಕ್ಕೆ ಬಂದಾಗ ಮುದುಕಿ ಕಣ್ಣು ಮುಚ್ಚಿಕೊಂಡೇ, “ಹ್ಞೂಂ, ಈಗ ಗೊತ್ತಾಯ್ತು ಕನ ಮಗ” ಅಂದಳು.