‘ರೋಮೀಕರಣ’ವೆಂಬ ಮಾತಿನ ವಿಷಯ

ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಫಿಲಿಪ್ಪಿಯವರು ಪೌಲಸೀಲರ ಮೇಲೆ ತಂದ ದೂರನ್ನು ನೀವು ಬಲ್ಲಿರಿ. ರೋಮಾಯರಾದ ತಮಗೆ ಸಲ್ಲದ ಆಚಾರಗಳನ್ನು ಇವರು ಸಾರುತ್ತಾರೆಂಬದೇ ಆ ದೂರು. ಆದರೆ ಫಿಲಿಪ್ಪಿಯು ಇಟಲಿಯ ಊರಲ್ಲ, ಮಕೆದೋನ್ಯದ್ದು. ಕ್ರಿ. ಪೂ. 42ರ ಯುದ್ಧದ ತರುವಾಯ ರೋಮಾಯ ದಂಡಾಳುಗಳನ್ನು ಅಲ್ಲಿ ನೆಲೆಗೊಳಿಸಿದ್ದರಿಂದ ಊರು ರೋಮಾಯರ ಕಾಯಿದೆಯನ್ನೂ ಹೆಸರನ್ನೂ ಹೊತ್ತುಕೊಂಡಿತು.

ಹೀಗೆ ಹೊರದೇಶದವರು ರೋಮಾಯರ ಭಾಷೆ, ಉಡುಪು, ಕಟ್ಟಡ, ಕಾಯಿದೆಗಳನ್ನು ಕೈಕೊಳ್ಳುವದಕ್ಕೆ ಪಂಡಿತರು ರೋಮೀಕರಣವೆನ್ನುತ್ತಾರೆ. ರೋಮನ್ ಅಕ್ಷರಗಳಲ್ಲಿ ಬೇರೆ ಭಾಷೆಯನ್ನು ಬರೆಯುವದಕ್ಕೂ ಈ ಮಾತುಂಟು. ಗೋವೆಯಲ್ಲಿ ಕೊಂಕಣಿಯನ್ನು ಹಾಗೆ ಬರೆಯುವವರಿದ್ದಾರೆ. ಅದನ್ನು ಇಲ್ಲಿ ಬಿಡುತ್ತೇವೆ. ಆಕ್ಸ್‌ಫರ್ಡಿನ ಹ್ಯಾವರ್‌ಫೀಲ್ಡ್ ಎಂಬ ಪಂಡಿತನು 1905ರಲ್ಲಿ ಬ್ರಿಟನ್ ದೇಶದ ರೋಮೀಕರಣವನ್ನು ಕುರಿತು ಉಪನ್ಯಾಸ ಮಾಡಿದಂದಿನಿಂದ ಈ ಮಾತು ಬಹಳ ಬಳಕೆಗೆ ಬಂತು.

‘ಕರಣ’ವೆಂದರೆ ಮಾಡುವಿಕೆ. ಮಡಕೆ ಮಾಡುವಲ್ಲಿ ಕುಂಬಾರನೊಬ್ಬನು, ಮಣ್ಣೊಂದು. ಹಾಗಾದರೆ ಬ್ರಿಟನ್ನಿನ ಜನರು ಬರೀ ಮಣ್ಣೋ? ನಮ್ಮ ಸಂಶಯವು ಇಲ್ಲಿಯೇ.

ಸುಮಾರು ಕ್ರಿ. ಶ. 77ರಿಂದ 84ರ ತನಕ ಅಗ್ರಿಕೊಲನೆಂಬವನು ಆ ದೇಶದ ಅಧಿಪತಿಯಾಗಿದ್ದನು. ಅವನ ಅಳಿಯನಾದ ಟಾಸಿಟಸನು ಬರೆದಿರುವದೇನಂದರೆ, ಮಾವನು ಗುಡಿ, ಪೇಟೆ, ಮನೆಗಳನ್ನು ಕಟ್ಟುವಂತೆ ಜನರನ್ನು ಪ್ರೇರಿಸಿದನು; ಮುಂದೆ ಬಂದವರನ್ನು ಹೊಗಳಿ, ಹಿಂದುಳಿದವರನ್ನು ಗದರಿಸಿದನು; ನಾಯಕರ ಮಕ್ಕಳಿಗೆ ವಿದ್ಯೆ ಕೊಡಿಸಿದನು. ತರುವಾಯ ಸ್ನಾನಗೃಹಗಳೂ ಔತಣಗಳೂ ಬಂದವು. ತಿಳಿಯದ ಜನರು ಇದನ್ನು ನಾಗರಿಕತೆಯೆಂದುಕೊಂಡರು, ನಿಜವಾಗಿ ಇದು ದಾಸತ್ವದ ಒಂದು ಭಾಗವಾಗಿತ್ತೆಂಬದು ಟಾಸಿಟಸನ ಅಭಿಪ್ರಾಯ. ಗೆದ್ದವರ ಮನೆಯವನೇ ಹೀಗೆ ಹೇಳಿದ್ದು ಆಶ್ಚರ್ಯ! ಗದರಿಸಿದ ಮೇಲೆ ಬಂದ ಒಪ್ಪಿಗೆಯನ್ನು ಒಪ್ಪಿಗೆಯೆನ್ನುವದು ಕಷ್ಟವೇ ಸರಿ.

ಆದರೂ ಟಾಸಿಟಸನ ಮಾತನ್ನು ಎಲ್ಲರಿಗೂ ಹೊಂದಿಸಲಾರೆವು. ಅವನು ನಾಯಕರ ಮಕ್ಕಳನ್ನು ನೋಡಿ ಹೇಳಿದನು. ಬಾತ್ ಎಂಬ ಪಟ್ಟಣದ ಬಿಸಿನೀರಿನ ಬುಗ್ಗೆಯಲ್ಲಿ ಸೀಸದ ಸುಮಾರು 130 ತಗಡುಗಳು ಸಿಕ್ಕಿವೆ. ಆ ಬುಗ್ಗೆಯು ಸುಲಿಸ್ ಎಂಬ ದೇಶದೇವಿಯದು. ರೋಮಾಯರು ಅವಳಿಗೆ ತಮ್ಮ ಮಿನರ್ವಳ ಹೆಸರನ್ನು ಜೋಡಿಸಿದ್ದರು. ಕಂಬಳಿಯನ್ನೋ ಹಣವನ್ನೋ ಕಳಕೊಂಡವರು, ಕಳ್ಳನನ್ನು ಶಿಕ್ಷಿಸಬೇಕೆಂದು ಬರೆದು ನೀರಿಗೆ ಹಾಕಿದ ಮನವಿಗಳವು. ಬರೆದವರಲ್ಲಿ ಅನೇಕರ ಹೆಸರು ದೇಶಭಾಷೆಯದು, ಬರಹವು ಹೆಚ್ಚಾಗಿ ಲತೀನ್. ಗೆದ್ದವರ ಭಾಷೆಯನ್ನು ಕಲಿತು, ತಮ್ಮ ಹಿರಿಯರ ದೇವಿಗೇ ದೂರು ಕೊಟ್ಟ ಇವರನ್ನು ಯಾರು ಏನು ಮಾಡಿದ ಹಾಗಾಯಿತು? ಭಾಷೆಯು ಇವರ ಕೈಯಲ್ಲಿ ಉಪಕರಣವಾಗಿತ್ತೇ ಹೊರತು ಸಂಕೋಲೆಯಾಗಿ ಕಾಣುವದಿಲ್ಲ.

ಈ ಕಾರಣದಿಂದ ಈಚಿನ ಪಂಡಿತರಲ್ಲಿ ಅನೇಕರು ರೋಮೀಕರಣವೆಂಬ ಮಾತನ್ನೇ ಬಿಟ್ಟಿದ್ದಾರೆ. ಅಷ್ಟು ಬೇಕಾಗಿಲ್ಲವೆಂದು ನಮಗೆ ತೋರುತ್ತದೆ. ಆದರೆ ಆ ಮಾತನ್ನು ಆಡುವವನು, ಯಾರು ಏನನ್ನು ಕೈಕೊಂಡರು, ಬೇಡವೆನ್ನುವ ಅನುಕೂಲವು ಅವರಿಗಿತ್ತೋ ಎಂಬದನ್ನೂ ಕೂಡಿಸಿ ಹೇಳಲಿ.