ಲಕ್ಕಮ್ಮ ಒಪ್ಪದ ಅಕ್ಕಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ ನೋಡುವುದಕ್ಕೆ ಬಹಳ ಸಣ್ಣದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು, ಅದರಿಂದಲೇ ಹೆಂಡತಿ ಲಕ್ಕಮ್ಮನೊಡನೆ ದಾಸೋಹ ನಡೆಸುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬರಬೇಕೆಂದಳು. ಅದು ಕದ್ದ ಅಕ್ಕಿಯಲ್ಲ, ಯಾರ ಪಾಲನ್ನೂ ಕಿತ್ತುಕೊಂಡದ್ದಲ್ಲ, ಬಿಟ್ಟರೆ ಮಣ್ಣುಪಾಲಾಗುವಂಥದ್ದು. ಕೇಳುವವರಿಲ್ಲ, ದಂಡ ಹಾಕುವವರಿಲ್ಲ. ಆದರೂ ಬೇಕಾದದ್ದಕ್ಕಿಂತ ಹೆಚ್ಚಿನದು ಬೇಡ ಎಂಬ ನಿಲುವು ಆ ಮನೆಯಲ್ಲಿ ಗಟ್ಟಿಯಾಗಿ ನಿಂತಿತು. ಕಚೇರಿಗಳಲ್ಲಿ, ಬಡಾವಣೆಗಳಲ್ಲಿ ಕಸ, ನೀರು, ವಿದ್ಯುತ್ತಿನ ವಿಷಯವಾಗಿ ಜನರ ನಡವಳಿಕೆ ಬದಲಾಗಬೇಕೆಂದು ಹೊರಟವರು ಉತ್ತರಿಸಬೇಕಾದ ಪ್ರಶ್ನೆ ಇಲ್ಲಿದೆ: ಯಾರೂ ನೋಡದಾಗಲೂ ಉಳಿಯುವ ಒಳ್ಳೆಯ ನಡತೆ ಎಲ್ಲಿಂದ ಹುಟ್ಟುತ್ತದೆ?

ನಮಗೆ ಸುಲಭವಾಗಿ ಹೊಳೆಯುವ ದಾರಿಗಳು ದಂಡ ಮತ್ತು ಬಹುಮಾನ. ದಂಡದ ಮಿತಿ ತೋರಿಸಿದ ಒಂದು ಪ್ರಯೋಗ ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ನಡೆದಿತ್ತು. ಅದರ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ದಂಡ ತೆಗೆದ ಮೇಲೂ ಅವರು ಮೊದಲಿನಂತಾಗಲಿಲ್ಲ. ಅಲ್ಲಿಯವರೆಗೆ, ಕಾಯುತ್ತ ಕೂತ ಶಿಕ್ಷಕಿಯ ಮುಖ ನೋಡಲು ಪೋಷಕರಿಗೆ ಸಂಕೋಚವಾಗುತ್ತಿತ್ತು. ದಂಡ ಬಂದ ಮೇಲೆ ತಪ್ಪಿಗೆ ಬೆಲೆ ಗೊತ್ತಾಯಿತು. ಬೆಲೆ ಕೊಟ್ಟವನಿಗೆ ಸಂಕೋಚವೇಕೆ? ಬರೀ ಲೆಕ್ಕ ತೋರಿಸಿದರೂ ಇಂಥದ್ದೇ ಗತಿ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೆರೆಹೊರೆಯ ಸರಾಸರಿ ವಿದ್ಯುತ್ ಬಳಕೆಯನ್ನು ಮನೆಮನೆಗೆ ತಿಳಿಸಿದರು. ಹೆಚ್ಚು ಬಳಸುತ್ತಿದ್ದವರು ಇಳಿಸಿದರು ನಿಜ, ಆದರೆ ಕಡಿಮೆ ಬಳಸುತ್ತಿದ್ದವರು ಏರಿಸಿಬಿಟ್ಟರು. ಅಂಕಿಯ ಪಕ್ಕದಲ್ಲಿ ಮೆಚ್ಚುಗೆಯ ಗುರುತಾಗಿ ಒಂದು ನಗುಮುಖ ಬರೆದಾಗ ಮಾತ್ರ ಆ ಏರಿಕೆ ಕಾಣಲಿಲ್ಲ. ಎಲ್ಲರೂ ಎಷ್ಟು ಬಳಸುತ್ತಾರೆ ಎಂಬ ಮಾಹಿತಿಯಿಂದಲೇ ಯಾವುದು ಸರಿ ಎಂಬ ಅರಿವು ಬರುವುದಿಲ್ಲ.

ಕಸ ಬೀಳದಿದ್ದರೆ ಸಾಕು, ಕೆರೆಗೆ ಜನರ ಉದ್ದೇಶ ಕಟ್ಟಿಕೊಂಡು ಏನಾಗಬೇಕು ಎಂದು ಕೇಳುವವರಿದ್ದಾರೆ. ಹೆದರಿಯೋ ಆಸೆಪಟ್ಟೋ, ಜನ ಕಸ ಬೇರ್ಪಡಿಸಿದರೆ ಸಾಲದೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದು ದಿನದ ಮಟ್ಟಿಗೆ ಅದು ಸರಿಯೇ. ಆದರೆ ಕಸ ಪ್ರತಿದಿನದ್ದು. ಮಾವಳ್ಳಿಪುರದ ಕಸದ ಗುಡ್ಡದ ವಿರುದ್ಧ ಹಳ್ಳಿಯವರು ಎದ್ದು ನಿಂತು, 2012ರಲ್ಲಿ ಅಲ್ಲಿಗೆ ಲಾರಿಗಳು ಹೋಗುವುದು ನಿಂತಾಗ ಬೆಂಗಳೂರಿನ ಬೀದಿಗಳೇ ತಿಪ್ಪೆಗಳಾದವು. ಹಸಿ ಕಸಕ್ಕೊಂದು ಬುಟ್ಟಿ, ತಿರಸ್ಕೃತ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೊಂದು ಚೀಲ ಎಂಬ ಪದ್ಧತಿಗೆ 2015ರ ಕೊನೆಯಲ್ಲಿ ಹೈಕೋರ್ಟಿನ ಆದೇಶದ ಬಲವೂ ಸಿಕ್ಕಿತು. ಆದರೂ ಅನ್ನ-ಸಾರಿನ ಜೊತೆ ಒಡೆದ ಗಾಜು, ಮಗುವಿನ ಡಯಾಪರ್, ಹಾಲಿನ ಕವರು ಒಂದೇ ಚೀಲದಲ್ಲಿ ಗಂಟು ಬಿದ್ದು ಹೊರಬರುವುದು ನಿಂತಿಲ್ಲ. ಆ ಗಂಟು ಬಿಚ್ಚಿ ಕೈಹಾಕುವವರು ಪೌರಕಾರ್ಮಿಕರು. ಪ್ರತಿ ಅಡುಗೆಮನೆಗೂ ಒಬ್ಬ ಕಾವಲುಗಾರನನ್ನು ಯಾವ ಸರ್ಕಾರವೂ ನೇಮಿಸಲಾರದು. ಹೆದರಿಕೆಯಿಂದ ಬಂದ ನಡತೆ ಹೆದರಿಸುವವನ ಬೆನ್ನು ಕಾಣುವವರೆಗೆ ಮಾತ್ರ. ಹಾಗಾಗಿ ಉದ್ದೇಶದ ಪ್ರಶ್ನೆ ಬರೀ ಅಧ್ಯಾತ್ಮದ್ದಲ್ಲ. ಕೆರೆಯ ನಾಳೆ ಅದರ ಮೇಲೆ ನಿಂತಿದೆ.

ಹಾಗಾದರೆ ದಂಡವೇ ಬೇಡವೆ? ಬೇಕು, ಆದರೆ ಯಾರು ಹಾಕುತ್ತಾರೆ ಎಂಬುದು ಮುಖ್ಯ. ಕಾಡು, ಮೀನುಗಾರಿಕೆ, ನೀರಾವರಿ ಕಾಲುವೆಗಳನ್ನು ಕೆಡದಂತೆ ಬಳಸಿಕೊಂಡು ಬಂದ ಸಮುದಾಯಗಳನ್ನು ಅಭ್ಯಸಿಸಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಕಂಡದ್ದು ಇದನ್ನೇ. ಬಾಳಿಕೆ ಬಂದ ಕಡೆಗಳಲ್ಲಿ ನಿಯಮ ರೂಪಿಸುವಾಗ ಬಳಸುವವರ ಮಾತಿಗೆ ಬೆಲೆಯಿತ್ತು. ನಿಗಾ ಇಡುವವರು ಅವರೇ, ಇಲ್ಲವೇ ಅವರಿಗೆ ಉತ್ತರಿಸಬೇಕಾದವರು. ಶಿಕ್ಷೆ ಸಣ್ಣದರಿಂದ ಶುರುವಾಗಿ, ತಪ್ಪು ಮರುಕಳಿಸಿದಂತೆ ಏರುತ್ತಿತ್ತು. ಲಕ್ಕಮ್ಮನ ಮಾತಿಗೆ ತೂಕ ಬಂದದ್ದೂ ಹೀಗೆಯೇ ಎಂದು ನನ್ನ ಎಣಿಕೆ. ಅವಳು ಹೊರಗಿನಿಂದ ಬಂದ ತನಿಖಾಧಿಕಾರಿಯಲ್ಲ. ಅದೇ ವ್ರತ ಹಿಡಿದವಳು, ಅದೇ ಅಕ್ಕಿಯಲ್ಲಿ ಅಡುಗೆ ಮಾಡುವವಳು. ಆದ್ದರಿಂದಲೇ ಅವಳ ಮಾತು ಅವಮಾನವಾಗಲಿಲ್ಲ, ಎಚ್ಚರಿಕೆಯಾಯಿತು.

ಉಳಿದ ಆಕ್ಷೇಪ ಎಲ್ಲಕ್ಕಿಂತ ಗಂಭೀರ. ವ್ರತ, ಸಂಯಮ ಎಂದು ಬೋಧಿಸಿ ಸಾಮಾನ್ಯರ ತಲೆಗೆ ಹೊರೆ ಹೊರಿಸುವುದು, ದೊಡ್ಡ ಪ್ರಮಾಣದಲ್ಲಿ ಕೆಡಿಸುವವರನ್ನು ಬಿಟ್ಟುಬಿಡುವುದು ಅನ್ಯಾಯವಲ್ಲವೇ? ಖಂಡಿತ ಅನ್ಯಾಯ. ಗುಮಾಸ್ತರಿಗೆ ಕಾಗದದ ಲೋಟ ಬಿಡಿ ಎಂದು ಸುತ್ತೋಲೆ ಕಳಿಸಿ, ಆಡಳಿತ ಮಂಡಳಿಯ ಸಭೆಗೆ ಪ್ಲಾಸ್ಟಿಕ್ ಬಾಟಲಿಗಳ ಸಾಲು ಜೋಡಿಸಿದರೆ ಆ ಸುತ್ತೋಲೆಯನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಆದರೆ ಇದು ಸಂಯಮದ ದೋಷವಲ್ಲ, ಅದನ್ನು ಒಬ್ಬರಿಗೆ ಮಾತ್ರ ವಿಧಿಸಿದ ದೋಷ. ಕಾಯಕದಿಂದ ಗುರುವಿಗೂ ಜಂಗಮಕ್ಕೂ ವಿನಾಯಿತಿ ಇಲ್ಲ ಎಂಬುದು ಶರಣರ ನಿಲುವು. ಅದನ್ನು ಅತ್ಯಂತ ಕಟ್ಟುನಿಟ್ಟಾಗಿ ಹೇಳಿದವರಲ್ಲಿ ಮಾರಯ್ಯನೂ ಒಬ್ಬ. ಮೇಲಿನವರಿಗೆ ಮೊದಲು ಅನ್ವಯವಾಗದ ನಿಯಮ ಶರಣರ ಅರ್ಥದಲ್ಲಿ ಧರ್ಮವೇ ಅಲ್ಲ.

ಆದ್ದರಿಂದ ಹಸಿರು ಅಭಿಯಾನದ ಮುಂದಿನ ಸುತ್ತೋಲೆ ಹೊರಡಿಸುವ ಮುನ್ನ ಕಂಪನಿಗಳೂ ಅಪಾರ್ಟ್‌ಮೆಂಟ್ ಸಂಘಗಳೂ ಒಂದು ಸಭೆ ಕರೆಯಲಿ. ಕಸದ ಗಂಟು ಬಿಚ್ಚುವವರನ್ನೂ ಕುರ್ಚಿ ಕೊಟ್ಟು ಅದರಲ್ಲಿ ಕೂರಿಸಲಿ, ನಿಯಮ ಬರೆಯುವಾಗ ಮೊದಲ ಮಾತು ಅವರದಾಗಲಿ.