ನನಗಾಗಿ ಕೊಂದದ್ದಲ್ಲವಲ್ಲ?

 

"ಅಂಗಡಿಯ ಮಾಂಸ ನನಗಾಗಿ ಕೊಂದದ್ದಲ್ಲವಲ್ಲ, ಅದರಲ್ಲಿ ನನ್ನ ಪಾಲೇನು?" ನಮ್ಮ ಬಳಗದಲ್ಲಿ ಆಗಾಗ ಬರುವ ಪ್ರಶ್ನೆ ಇದು. ಇದಕ್ಕೆ ಎಲ್ಲರೂ ಆಧಾರ ಹುಡುಕುವುದು ಮಜ್ಝಿಮ ನಿಕಾಯದ ಜೀವಕ ಸುತ್ತದಲ್ಲಿ. ತನಗಾಗಿ ಕೊಂದದ್ದೆಂದು ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ಅಥವಾ ಹಾಗೆಂದು ಶಂಕೆ ಬಂದ ಮಾಂಸವನ್ನು ಭಿಕ್ಖು ತಿನ್ನಬಾರದು, ಇಷ್ಟು ನಿಯಮ. ಈ ನಿಯಮ ಎಷ್ಟು ಬಿಗಿಯಾದದ್ದು ಎಂದು ನನಗೆ ತಿಳಿದದ್ದು ಕಿರ್ಗಿಜ್‌ಸ್ತಾನದ ಸೋಂಗ್‌ಕುಲ್ ಸರೋವರದ ದಡದಲ್ಲಿ.

3,016 ಮೀಟರ್ ಎತ್ತರದ ಜಾಗ. ಒಂದೂ ಮರವಿಲ್ಲ, ಹುಲ್ಲೇ ಹುಲ್ಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುರಿಗಾಹಿಗಳು ಕುದುರೆ, ಕುರಿಗಳೊಂದಿಗೆ ಇಲ್ಲಿಗೆ ಬಂದು ಉಣ್ಣೆಯ ದಪ್ಪ ಹೊದಿಕೆಯ ದುಂಡು ಗುಡಾರಗಳಲ್ಲಿ ಇರುತ್ತಾರೆ. ಇಂಥ ಬೇಸಿಗೆ ಹುಲ್ಲುಗಾವಲಿಗೆ ಅವರ ಭಾಷೆಯಲ್ಲಿ 'ಜೈಲೂ' ಎನ್ನುತ್ತಾರೆ. (ಹೆಸರು ಕೇಳಿ ಗಾಬರಿ ಬೇಡ, ಇಷ್ಟು ಬಯಲಾದ ಜೈಲು ಎಲ್ಲೂ ಇರಲಿಕ್ಕಿಲ್ಲ!) ಒಲೆಗೆ ಒಣಗಿದ ಸಗಣಿ, ನಮ್ಮ ಬೆರಣಿಯಂತೆಯೇ. ಬೆಳೆ ಎಂಬುದೇ ಇಲ್ಲದ ಅಲ್ಲಿನ ಜನರಿಗೆ ಅಹಿಂಸೆ ಬೋಧಿಸುವ ಯೋಗ್ಯತೆ ಅನ್ನ-ಸಾರಿನ ನಾಡಿನವರಾದ ನಮಗಿದೆ ಎಂದು ನನಗನ್ನಿಸುವುದಿಲ್ಲ.

ಗುಡಾರದ ಹಿರಿಯರು ಒಂದು ಕುರಿಯ ಕೊರಳು ಹಿಡಿದು ತಂದು ನನ್ನ ಮುಂದೆ ನಿಲ್ಲಿಸಿದರು. ಕೊಯ್ಯುವ ಮುಂಚೆ ಅತಿಥಿಯಿಂದ 'ಬಾತಾ', ಅಂದರೆ ಆಶೀರ್ವಾದ ಕೇಳುವುದು ಅವರ ಪದ್ಧತಿ. ನಾನು ಅಂಗೈ ಚಾಚಿ ಹರಸಬೇಕು. ನಮ್ಮ ಊರಲ್ಲಿ ಪರದೆಯ ಹಿಂದೆ ಮುಗಿಯುವ ಕೆಲಸ ಇಲ್ಲಿ ನನ್ನ ಒಂದು ಮಾತಿಗೆ ಕಾಯುತ್ತಿತ್ತು.

ಅದೇ ಸುತ್ತದ ಕೊನೆಯಲ್ಲಿ, ಹೀಗೆ ಕೊಲ್ಲಿಸುವವನಿಗೆ ಐದು ರೀತಿಯಲ್ಲಿ ಅಪುಣ್ಯ ಬರುತ್ತದೆ ಎಂದು ಬುದ್ಧರು ಹೇಳುತ್ತಾರೆ. ಪ್ರಾಣಿಯನ್ನು ತರಲು ಹೇಳುವುದೇ ಮೊದಲನೆಯದು. ಕೊರಳಿಗೆ ಹಾಕಿ ಎಳೆದು ತರುವಾಗ ಅದು ಪಡುವ ಸಂಕಟ ಎರಡನೆಯದು. ಕತ್ತಿ ಬರುವುದು ಆಮೇಲೆ. ಎರಡು ಆಗಲೇ ಮುಗಿದಿದ್ದವು.

ಇಮ್ಮಡಿ ಪುಲಕೇಶಿಯನ್ನು ಬಣ್ಣಿಸಿದ ಹ್ಯೂಯೆನ್‌ತ್ಸಾಂಗ್ ಸುಮಾರು 630ರಲ್ಲಿ ಇದೇ ನಾಡಿನ ಸುಯಾಬ್‌ನಲ್ಲಿ ತುರ್ಕಿ ಖಾನನ ಅತಿಥಿಯಾಗಿದ್ದರು. ಉಳಿದವರ ಮುಂದೆ ಕುರಿ, ಕರುವಿನ ಮಾಂಸದ ರಾಶಿ. ಅವರಿಗೆ ಮಾತ್ರ ಅಕ್ಕಿ ರೊಟ್ಟಿ, ಕೆನೆ, ಜೇನು, ದ್ರಾಕ್ಷಿ. ಊಟವಾದ ಮೇಲೆ ಜೀವದಯೆಯ ಬೋಧನೆಯನ್ನೂ ಮಾಡಿದರು ಎಂದು ಅವರ ಜೀವನಚರಿತ್ರೆ ಹೇಳುತ್ತದೆ. ಕುರಿಗಳ ಪಾಲಿಗೆ ಅದು ಸ್ವಲ್ಪ ತಡವಾಯಿತು.

ನಾನು ದುಭಾಷಿಯ ಮೂಲಕ, ನಿಮ್ಮ ಮನೆಗೂ ಹಿಂಡಿಗೂ ಒಳ್ಳೆಯದಾಗಲಿ, ನನಗೆ ರೊಟ್ಟಿ, ಕೆನೆ ಸಾಕು ಎಂದೆ. ಹಿರಿಯರ ಮುಖ ಬಾಡಿತು. ಕೊಟ್ಟದ್ದನ್ನು ಬೇಡವೆಂದರೆ ಯಾರಿಗೂ ನೋವೇ. ಆದರೆ ಆ ನೋವು ಸಂಜೆಯ ಚಹಾದ ಹೊತ್ತಿಗೆ ಇಳಿಯಿತು, ಕುರಿಯದು ಇಳಿಯುವಂಥದ್ದಾಗಿರಲಿಲ್ಲ.

ಮರುದಿನ ಅವರ ಬೀಗರು ಬರುವವರಿದ್ದರು. ನಾನು ಹೊರಡುವ ಹೊತ್ತಿಗೆ ಅದೇ ಕುರಿಯ ಕೊರಳಿಗೆ ಹಗ್ಗ ಬಿದ್ದಿತ್ತು. ಈ ಸಲ ನನಗಾಗಿ ಅಲ್ಲ. ಹಾಗೆಂದು ಮುಖ ತಿರುಗಿಸಿ ಜೀಪು ಹತ್ತಲು ಕಾಲು ಬರಲಿಲ್ಲ. ಅಲ್ಲೇ ನಿಂತು ಮನಸ್ಸಿನಲ್ಲೇ ಮೆತ್ತಾ ಹೇಳಿಕೊಂಡೆ. ಪಕ್ಕದಲ್ಲಿ ಹಿರಿಯರೂ ಅಂಗೈ ಚಾಚಿ ನಿಂತಿದ್ದರು.